‘ಅಸ್ತು’ ಎಂದರೆ ಎಷ್ಟು? ರಕ್ಷಣೆ ಮತ್ತು ವಿದೇಶಾಂಗ ಸುದ್ದಿ ಓದುವವರಿಗೆ ಒಂದು ಕೈಪಿಡಿ

2012ರ ಜನವರಿ 31ರ ರಾತ್ರಿ ಪಾಳಿಯಲ್ಲಿ ನಾನು ಬರೆದ ಶೀರ್ಷಿಕೆ: ‘ವಾಯುಪಡೆಗೆ 126 ರಫೇಲ್’. ಮುಖಪುಟ, ಐದು ಕಾಲಂ, ಜೊತೆಗೆ ಆಕಾಶಕ್ಕೆ ಮೂತಿ ಎತ್ತಿದ ವಿಮಾನದ ಚಿತ್ರ. ಡೆಸ್ಕಿನಲ್ಲಿದ್ದ ಒಬ್ಬಳೇ ಹೆಂಗಸು ನಾನು. ರಕ್ಷಣಾ ಸುದ್ದಿ ನನ್ನ ಕೈಗೆ ಬರುತ್ತಿದ್ದುದೇ ಅಪರೂಪ, ಹಾಗಾಗಿ ಸಂಭ್ರಮ ಸ್ವಲ್ಪ ಹೆಚ್ಚಾಗಿತ್ತು. ಹತ್ತು ದಿನ ಕಳೆದ ಮೇಲೆ ಕುಮಟಾ ಕಡೆಯ ನಿವೃತ್ತ ಸುಬೇದಾರರೊಬ್ಬರ ಅಂಚೆ ಕಾರ್ಡು ಬಂತು. ‘ವಿಮಾನಗಳು ಯಾವತ್ತು ಇಳಿಯುತ್ತವೆ ತಿಳಿಸಿ. ನೋಡಲು ಬರುವವನಿದ್ದೇನೆ.’ ಮುಂದಿನ ಜನವರಿಯಲ್ಲಿ ಇನ್ನೊಂದು ಕಾರ್ಡು: ‘ಬಂದವೇ?’ ಅದರ ಮುಂದಿನ ಜನವರಿಯಲ್ಲೂ ಅದೇ.

ಆ ದಿನ ದೆಹಲಿಯಲ್ಲಿ ನಿಜವಾಗಿ ಆದದ್ದು ಇಷ್ಟೆ. 2007ರಲ್ಲಿ ಕರೆದಿದ್ದ ಟೆಂಡರಿಗೆ ಆರು ವಿಮಾನಗಳು ಸ್ಪರ್ಧೆಗೆ ಇಳಿದಿದ್ದವು. ಪರೀಕ್ಷೆಗಳೆಲ್ಲ ಮುಗಿದು ಎರಡು ಉಳಿದಿದ್ದವು. ಆ ಎರಡರಲ್ಲಿ ರಫೇಲ್ ತಯಾರಿಸುವ ಫ್ರಾನ್ಸಿನ ಡಸಾಲ್ಟ್ ಕಂಪನಿಯ ಬೆಲೆ ಕಡಿಮೆ ಎಂದು ಗೊತ್ತಾಯಿತು. ಅಂದರೆ ಚೌಕಾಸಿಗೆ ಯಾರನ್ನು ಕೂರಿಸಿಕೊಳ್ಳಬೇಕು ಎಂಬುದಷ್ಟೇ ತೀರ್ಮಾನವಾಗಿತ್ತು. 126ರಲ್ಲಿ 18 ಅಲ್ಲಿಂದಲೇ ಸಿದ್ಧವಾಗಿ ಬರಬೇಕು, ಉಳಿದ 108 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕು ಎಂಬುದು ಲೆಕ್ಕ. ಆ 108ಕ್ಕೆ ಹೊಣೆ ಯಾರು ಎಂಬಲ್ಲಿ ಮಾತು ಕಚ್ಚಿಕೊಂಡು ಮೂರು ವರ್ಷ ಅಲ್ಲೇ ನಿಂತಿತು. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಪ್ಯಾರಿಸ್‌ನಲ್ಲಿ 36 ವಿಮಾನ ಎಂದು ಘೋಷಿಸಿದರು, ಹಳೆಯ ಟೆಂಡರು ರದ್ದಾಯಿತು. 2016ರ ಸೆಪ್ಟೆಂಬರ್ 23ರಂದು ಸಹಿ ಬಿತ್ತು. 2020ರ ಜುಲೈ 29ರಂದು ಮೊದಲ ಐದು ಅಂಬಾಲಾದಲ್ಲಿ ಇಳಿದವು. ಆ ವಾರ ಬಂದ ಕಾರ್ಡಿನಲ್ಲಿ ಒಂದೇ ಸಾಲಿತ್ತು: ‘5 ಬಂದವು. ನಿಮ್ಮ ಲೆಕ್ಕದಲ್ಲಿ ಇನ್ನು 121 ಬಾಕಿ.’

ಈಗ ನಿವೃತ್ತಳಾಗಿ ಕಾರವಾರದಲ್ಲಿದ್ದೇನೆ. ಗ್ರಂಥಾಲಯದಲ್ಲಿ ಕೆಎಎಸ್, ಐಎಎಸ್ ಎಂದು ಓದುವ ನಾಲ್ಕೈದು ಹುಡುಗ ಹುಡುಗಿಯರು ಸಂಜೆ ಹೊತ್ತು ಪತ್ರಿಕೆಯ ಕತ್ತರಿಕೆ ಹಿಡಿದು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಕೂರದವರಿಗೂ ಉಪಯೋಗವಾದೀತು. ಭಾರತ ದೊಡ್ಡ ಶಕ್ತಿಯಾಗಿ ಬೆಳೆಯುತ್ತಿದೆ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಎಷ್ಟು ಬೆಳೆದಿದೆ, ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ನಾವೇ ಅಳೆದು ನೋಡಲು ಬರುತ್ತದೆ. ಅದಕ್ಕೆ ಬೇಕಾದದ್ದು ಒಂದು ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ಒಂದು ಪೆನ್ಸಿಲು, ಒಂದು ಪೆನ್ನು.

ಮೊದಲು ಕ್ರಿಯಾಪದ ಹುಡುಕಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಜಾಗ ಸಾಲದಿದ್ದಾಗ ಶೀರ್ಷಿಕೆ ಬರೆಯುವವರು ಮೊದಲು ಕತ್ತರಿಸುವುದೂ ಅದನ್ನೇ. ‘ವಾಯುಪಡೆಗೆ 126 ರಫೇಲ್’ ಎಂಬಲ್ಲಿ ಕ್ರಿಯಾಪದ ಎಲ್ಲಿದೆ? ಬಂದವೋ, ಬರಲಿವೆಯೋ, ಬಂದರೆ ಒಳ್ಳೆಯದೋ? ನಾನೇ ಕತ್ತರಿಸಿ ಬಿಸಾಡಿದ್ದೆ.

ಕ್ರಿಯಾಪದ ಹೋದ ಜಾಗದಲ್ಲಿ ನಾವು ಕೂರಿಸುವ ಪದ ‘ಅಸ್ತು’. ಎರಡೇ ಅಕ್ಷರ, ಎಂಥ ಸಣ್ಣ ಜಾಗದಲ್ಲೂ ಹಿಡಿಸುತ್ತದೆ. ಅದು ಸಾಲದಿದ್ದರೆ ‘ಹಸಿರು ನಿಶಾನೆ’. ನನ್ನ ವೃತ್ತಿಜೀವನದಲ್ಲಿ ಇವೆರಡನ್ನು ಎಷ್ಟು ಸಲ ಬಳಸಿದ್ದೇನೋ, ದೇವರೇ ಬಲ್ಲ. ತೊಂದರೆ ಏನೆಂದರೆ, ಒಂದು ಖರೀದಿಗೆ ದೆಹಲಿಯಲ್ಲಿ ಕಡಿಮೆಯೆಂದರೂ ಮೂರು ಬೇರೆ ಬೇರೆ ಕಡೆ ‘ಅಸ್ತು’ ಬೀಳುತ್ತದೆ, ಮೂರಕ್ಕೂ ತೂಕ ಬೇರೆ.

ಮೊದಲನೆಯದು ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿಯದು. ಡಿಎಸಿ ಎಂದು ಓದುತ್ತೀರಲ್ಲ, ಅದು. ‘ಇಷ್ಟು ಲಕ್ಷ ಕೋಟಿಯ ಪ್ರಸ್ತಾವಗಳಿಗೆ ಅಸ್ತು’ ಎಂದು ದೊಡ್ಡದಾಗಿ ಬರುವುದು ಬಹುಪಾಲು ಇದೇ. ಇದರ ಸರಿಯಾದ ಹೆಸರು ಅಗತ್ಯದ ಅಂಗೀಕಾರ. ‘ಹೌದು, ಇದು ನಮಗೆ ಬೇಕು’ ಎಂದು ಒಪ್ಪಿಕೊಂಡದ್ದು, ಅಷ್ಟೆ. ಮನೆಯಲ್ಲಿ ಎಲ್ಲರೂ ಕೂತು ಫ್ರಿಜ್ ಬೇಕು ಎಂದು ತೀರ್ಮಾನಿಸಿದ ಹಾಗೆ. ಅಂಗಡಿಗೆ ಇನ್ನೂ ಯಾರೂ ಹೋಗಿಲ್ಲ. ನಿಗದಿತ ಅವಧಿಯೊಳಗೆ ಕಂಪನಿಗಳಿಂದ ಪ್ರಸ್ತಾವ ಕೇಳದಿದ್ದರೆ ಈ ಅಂಗೀಕಾರ ತಾನಾಗಿಯೇ ಬಿದ್ದುಹೋಗುತ್ತದೆ. ಬಿದ್ದುಹೋದ ಸುದ್ದಿ ಯಾವ ಮುಖಪುಟದಲ್ಲೂ ಬರುವುದಿಲ್ಲ.

ಅದಾದ ಮೇಲೆ ಪ್ರಸ್ತಾವ ಕೋರಿಕೆ, ಮರುಭೂಮಿಯಲ್ಲೂ ಲೇಹ್‌ನಲ್ಲೂ ಪರೀಕ್ಷೆ, ಬೆಲೆಯ ಲಕೋಟೆ ಒಡೆಯುವುದು, ಚೌಕಾಸಿ. ಎರಡನೆಯ ‘ಅಸ್ತು’ ದೊಡ್ಡ ಮೊತ್ತದ ಖರೀದಿಗೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯದು. ಇದು ಬಂದರೆ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರಬಹುದು. ಮೂರನೆಯದು ಕರಾರಿಗೆ ಸಹಿ. ಅಲ್ಲಿಂದ ಸಾಮಾನು ಬರುವವರೆಗೆ ಮತ್ತೆ ವರ್ಷಗಳು.

ಅಮೆರಿಕದ ಎಂಕ್ಯು-9ಬಿ ಡ್ರೋನುಗಳನ್ನು ನೋಡಿ. 2023ರ ಜೂನ್ 15ರಂದು ಡಿಎಸಿ ಒಪ್ಪಿತು. ಮರುವಾರವೇ ಪ್ರಧಾನಿಯ ವಾಷಿಂಗ್ಟನ್ ಭೇಟಿ. ಆ ಎರಡು ವಾರ ನಮ್ಮ ಟಿವಿಗಳಲ್ಲಿ ಡ್ರೋನು ಆಗಲೇ ಹಿಮಾಲಯದ ಮೇಲೆ ಸುತ್ತುತ್ತಿತ್ತು. ಕರಾರಿಗೆ ಸಹಿ ಬಿದ್ದದ್ದು 2024ರ ಅಕ್ಟೋಬರ್ 15ರಂದು. 31 ಡ್ರೋನು, ನೌಕಾಪಡೆಗೆ 15, ಭೂಸೇನೆಗೂ ವಾಯುಪಡೆಗೂ ತಲಾ 8. ನಮ್ಮ ಮಟ್ಟಿಗೆ ಇದು ಶರವೇಗ. ಹದಿನಾರು ತಿಂಗಳಲ್ಲಿ ಅಗತ್ಯದಿಂದ ಸಹಿಗೆ ಬಂದದ್ದಕ್ಕೆ ಒಂದು ಕಾರಣ, ಅದು ಟೆಂಡರಿಲ್ಲದೆ ಸರ್ಕಾರದಿಂದ ಸರ್ಕಾರಕ್ಕೆ ನಡೆದ ಖರೀದಿ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಆಯುಧಕ್ಕೂ ಒಂದು ಪುಟ ಇಡಿ. ಅಡ್ಡಲಾಗಿ ಆರು ಖಾನೆ ಎಳೆಯಿರಿ: ಬೇಕು ಎಂದದ್ದು, ಬೆಲೆ ಕೇಳಿದ್ದು, ಆಯ್ದದ್ದು, ಸಂಪುಟ ಸಮಿತಿ ಒಪ್ಪಿದ್ದು, ಸಹಿಯಾದದ್ದು, ಬಂದದ್ದು. ಸುದ್ದಿ ಓದಿದಾಗಲೆಲ್ಲ ‘ಇದು ಎಷ್ಟನೇ ಖಾನೆ?’ ಎಂದು ಕೇಳಿಕೊಳ್ಳಿ. ಖಾನೆ ಗೊತ್ತಾಗದಿದ್ದರೆ ಸುದ್ದಿಯಲ್ಲೇ ದೋಷವಿದೆ. ಆಗ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಜಾಲತಾಣದಲ್ಲಿ ಸಚಿವಾಲಯದ ಮೂಲ ಹೇಳಿಕೆ ತೆಗೆದು ನೋಡಿ. ಅದರಲ್ಲಿ ಕ್ರಿಯಾಪದವನ್ನು ಯಾರೂ ಕತ್ತರಿಸಿರುವುದಿಲ್ಲ.

‘ಒಪ್ಪಂದ’ ಎಂಬ ಗೋಣಿಚೀಲ

‘ಅಸ್ತು’ವಿನ ಅಣ್ಣ ‘ಒಪ್ಪಂದ’. ಇದರೊಳಗೆ ತಿಳಿವಳಿಕೆ ಪತ್ರವೂ ಇದೆ, ಎರಡು ಸರ್ಕಾರಗಳ ನಡುವಿನ ಒಪ್ಪಂದವೂ ಇದೆ, ದುಡ್ಡಿನ ಕರಾರೂ ಇದೆ. ತಿಳಿವಳಿಕೆ ಪತ್ರವೆಂದರೆ ಹೆಣ್ಣು ನೋಡಿ ಬಂದ ಹಾಗೆ, ಕರಾರೆಂದರೆ ತಾಳಿ ಕಟ್ಟಿದ ಹಾಗೆ ಎಂದು ಹುಡುಗರಿಗೆ ಹೇಳುತ್ತೇನೆ. ಹುಡುಗಿಯರಿಗೆ ಈ ಹೋಲಿಕೆ ಹಿಡಿಸಿಲ್ಲ. ಅವರದೇ ಹೋಲಿಕೆ ಇನ್ನೂ ಬಂದಿಲ್ಲ.

ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ನಮ್ಮ ಪತ್ರಿಕೆಗಳಲ್ಲಿ ಎರಡು ಸಲ ‘ಒಪ್ಪಂದ’ವಾಯಿತು. 2016ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸರ್ಕಾರಗಳ ನಡುವೆ ಒಂದು, 2018ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಐದು ರೆಜಿಮೆಂಟುಗಳಿಗೆ 5 ಶತಕೋಟಿ ಡಾಲರಿಗೂ ಮಿಕ್ಕಿದ ಕರಾರು ಇನ್ನೊಂದು. ಮೊದಲ ಸಾಮಾನು ಬಂದದ್ದು 2021ರ ಡಿಸೆಂಬರ್‌ನಲ್ಲಿ. ಉಕ್ರೇನ್ ಯುದ್ಧ ಶುರುವಾದ ಮೇಲೆ ಕೊನೆಯ ಎರಡು ರೆಜಿಮೆಂಟುಗಳ ದಿನಾಂಕ ಮುಂದಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನನಗೆ ತುಂಬ ಇಷ್ಟವಾದ ಪುಟ ಇದು. ಎಸ್-400 ಪುಟದ ಪಕ್ಕದಲ್ಲೇ ಅಮೆರಿಕದ ಪುಟ ಇಟ್ಟುಕೊಂಡು ತಾರೀಖು ಹೊಂದಿಸಿ ನೋಡಿ. 2018ರ ಸೆಪ್ಟೆಂಬರ್ 6ರಂದು ಭಾರತ ಅಮೆರಿಕದೊಂದಿಗೆ ಕಾಮ್‌ಕಾಸಾ ಎಂಬ ಸಂವಹನ ಒಪ್ಪಂದಕ್ಕೆ ಸಹಿ ಹಾಕಿತು. ಅವರ ಸೇನೆಯ ಗೂಢಲಿಪಿ ಉಪಕರಣಗಳನ್ನು ನಾವು ಬಳಸುವ ದಾರಿ ಅದು. ಸರಿಯಾಗಿ ಇಪ್ಪತ್ತೊಂಬತ್ತು ದಿನಗಳಾದ ಮೇಲೆ, ಅದೇ ದೆಹಲಿಯಲ್ಲಿ, ರಷ್ಯಾದೊಂದಿಗೆ ಎಸ್-400 ಕರಾರು. ರಷ್ಯಾದ ಆಯುಧ ಕೊಂಡವರಿಗೆ ನಿರ್ಬಂಧ ಹಾಕುವ ಕಾನೂನು ಅಮೆರಿಕದಲ್ಲಿ ಆಗಲೇ ಜಾರಿಯಲ್ಲಿತ್ತು. ಇದೇ ಎಸ್-400 ಕೊಂಡದ್ದಕ್ಕೆ 2020ರ ಡಿಸೆಂಬರ್‌ನಲ್ಲಿ ನ್ಯಾಟೊ ಸದಸ್ಯನಾದ ಟರ್ಕಿಯ ಮೇಲೇ ಅದನ್ನು ಪ್ರಯೋಗಿಸಿದರು. ಭಾರತದ ಮೇಲೆ ಪ್ರಯೋಗಿಸಲಿಲ್ಲ. ‘ವ್ಯೂಹಾತ್ಮಕ ಸ್ವಾಯತ್ತತೆ’ ಎಂಬ ಬಾಯಿ ತುಂಬುವ ಮಾತನ್ನು ಹುಡುಗರು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರಲ್ಲ, ಅದಕ್ಕೆ ರೂಪ ಕೊಡುವುದು ಆ ಇಪ್ಪತ್ತೊಂಬತ್ತು ದಿನಗಳು. ಚೀನಾದ ಭಯ ಇಬ್ಬರಿಗೂ ಇರುವವರೆಗೆ ಅಮೆರಿಕ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು ಎಂದು ನನ್ನ ಓದು. ಆ ಲೆಕ್ಕ ಎಲ್ಲ ಕಾಲಕ್ಕೂ ನಡೆಯುತ್ತದೆ ಎಂದು ನಾನು ಹೇಳಲಾರೆ.

ದುಡ್ಡು

ಬಜೆಟ್ ದಿನ ‘ರಕ್ಷಣೆಗೆ ದಾಖಲೆಯ ಮೊತ್ತ’ ಎಂದು ಬರುತ್ತದೆ. ಬೆಲೆಗಳು ಏರುವ ದೇಶದಲ್ಲಿ ಪ್ರತಿ ವರ್ಷವೂ ದಾಖಲೆಯೇ. ಆ ಒಟ್ಟು ಮೊತ್ತವನ್ನು ಒಡೆಯದೆ ಮುಂದೆ ಹೋಗಬೇಡಿ.

2025-26ರ ಅಂದಾಜು 6,81,210 ಕೋಟಿ ರೂಪಾಯಿ. ಅದನ್ನು ನೂರು ರೂಪಾಯಿ ಮಾಡಿಕೊಳ್ಳಿ. ಸುಮಾರು 46 ರೂಪಾಯಿ ಸಂಬಳ, ಇಂಧನ, ದುರಸ್ತಿ, ದಿನದ ಖರ್ಚಿಗೆ. ಹತ್ತಿರ ಹತ್ತಿರ 24 ರೂಪಾಯಿ ಪಿಂಚಣಿಗೆ. 4 ರೂಪಾಯಿ ಸಚಿವಾಲಯದ ನಾಗರಿಕ ವಿಭಾಗಗಳಿಗೆ. ಹೊಸ ಹಡಗು, ವಿಮಾನ, ಫಿರಂಗಿ ಎಲ್ಲವೂ ಬರಬೇಕಾದ ಬಂಡವಾಳ ವೆಚ್ಚಕ್ಕೆ ಉಳಿಯುವುದು 26 ರೂಪಾಯಿ ಚಿಲ್ಲರೆ, ಅಂದರೆ 1.80 ಲಕ್ಷ ಕೋಟಿ. ಅದರಲ್ಲೂ ದೊಡ್ಡ ಪಾಲು ಹಿಂದೆ ಸಹಿ ಮಾಡಿದ ಕರಾರುಗಳ ಕಂತಿಗೆ ಹೋಗುತ್ತದೆ. ಹೊಸ ಸಾಮಾನಿಗೆ ಎಷ್ಟು ಮಿಕ್ಕಿತು ಎಂಬುದನ್ನು ಸಚಿವರ ಭಾಷಣ ಹೇಳುವುದಿಲ್ಲ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳಲ್ಲಿ, ಲೋಕಸಭೆಯ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರವಷ್ಟೇ ಸಿಗುವ) ಪ್ರಶ್ನೆಗಳ ಉತ್ತರಗಳಲ್ಲಿ ಹುಡುಕಬೇಕು. ಯಾರೂ ಓದದ ಆ ಉತ್ತರಗಳನ್ನು ನಾನು ಉಪ್ಪಿನಕಾಯಿಯ ಹಾಗೆ ಚಪ್ಪರಿಸುತ್ತೇನೆ.

ಇನ್ನೊಂದು ಕಿವಿಮಾತು. ಹೊಸ ವರ್ಷದ ಅಂದಾಜನ್ನು ಓದುವಾಗಲೇ ಹಿಂದಿನ ವರ್ಷದ ‘ಪರಿಷ್ಕೃತ ಅಂದಾಜು’ ಎಂಬ ಪಕ್ಕದ ಕಾಲಂ ನೋಡಿ. 2024-25ರಲ್ಲಿ ಬಂಡವಾಳಕ್ಕೆ 1.72 ಲಕ್ಷ ಕೋಟಿ ಎಂದು ಘೋಷಿಸಿದ್ದರು. ವರ್ಷ ಮುಗಿಯುವ ಹೊತ್ತಿಗೆ ಪರಿಷ್ಕೃತ ಅಂದಾಜು 1,59,500 ಕೋಟಿಗೆ ಇಳಿದಿತ್ತು. ಕೊಡಲಿಲ್ಲ ಎನ್ನುವುದಕ್ಕಿಂತ ಖರ್ಚು ಮಾಡಲಾಗಲಿಲ್ಲ ಎನ್ನುವುದೇ ಹೆಚ್ಚು ಸರಿ. ನಾಲ್ಕನೇ ಖಾನೆಯಿಂದ ಐದನೆಯದಕ್ಕೆ ಕಾಗದ ದಾಟದಿದ್ದರೆ ದುಡ್ಡು ಹಾಗೇ ಉಳಿಯುತ್ತದೆ.

ರಫ್ತಿನ ಸಂಖ್ಯೆ ಮಾತ್ರ ನನ್ನಂಥ ಸಂಶಯಪಿಶಾಚಿಯನ್ನೂ ಬಾಯಿ ಮುಚ್ಚಿಸಿದೆ. 2013-14ರಲ್ಲಿ 686 ಕೋಟಿ, 2024-25ರಲ್ಲಿ 23,622 ಕೋಟಿ. ಬ್ರಹ್ಮೋಸ್ ಕ್ಷಿಪಣಿಯನ್ನು ಫಿಲಿಪ್ಪೀನ್ಸ್ 2022ರ ಜನವರಿಯಲ್ಲಿ ಕರಾರು ಮಾಡಿ ಕೊಂಡಿತು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ಮುಟ್ಟಿತು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದೊಂದಿಗೆ ದಿನಬೆಳಗಾದರೆ ಜಗಳವಿರುವ ದೇಶ ಅದು. ಆ ಕ್ಷಿಪಣಿಯನ್ನು ವ್ಯಾಪಾರದ ಪುಟದಲ್ಲಿ ಬರೆಯಬೇಕೋ ವಿದೇಶಾಂಗದ ಪುಟದಲ್ಲೋ ಎಂದು ಒಬ್ಬ ಹುಡುಗ ಕೇಳಿದ. ಎರಡರಲ್ಲೂ ಬರೆ ಎಂದೆ.

ಎಂಜಿನ್ ಯಾರದು?

ಯಾವುದೇ ಆಯುಧ ‘ಸ್ವದೇಶಿ’ ಎಂದು ಓದಿದಾಗ ಈ ಪ್ರಶ್ನೆ ಕೇಳಿ. ತೇಜಸ್ ವಿಮಾನ ಬೆಂಗಳೂರಿನ ಮಗು. 1983ರಲ್ಲಿ ಯೋಜನೆಗೆ ಮಂಜೂರಾತಿ, 2001ರ ಜನವರಿ 4ರಂದು ಮೊದಲ ಹಾರಾಟ. ಅದಕ್ಕಾಗಿ ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ಕಾವೇರಿ ಎಂಬ ಎಂಜಿನ್ ಕಟ್ಟಲು ಹೊರಟಿತ್ತು. ನದಿಯ ಹೆಸರು ಇಟ್ಟರೂ ಬೇಕಾದಷ್ಟು ನೂಕುಬಲ ಅದರಲ್ಲಿ ಹುಟ್ಟಲಿಲ್ಲ, ಕೊನೆಗೆ ತೇಜಸ್‌ನಿಂದ ಬೇರ್ಪಟ್ಟಿತು. ವಿಮಾನ ಹಾರುತ್ತಿರುವುದು ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್ ಮೇಲೆ.

2021ರ ಫೆಬ್ರುವರಿ 3ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಸುಮಾರು 48 ಸಾವಿರ ಕೋಟಿಯ ಕರಾರಾಯಿತು. ಅದೇ ವರ್ಷ ಎಚ್‌ಎಎಲ್ 99 ಎಂಜಿನ್‌ಗಳಿಗೆ ಜಿಇಗೆ ಆದೇಶ ಕೊಟ್ಟಿತು. ಮೊದಲ ವಿಮಾನ 2024ರಲ್ಲಿ ವಾಯುಪಡೆಯ ಕೈಸೇರಬೇಕಿತ್ತು. ಆ ಆದೇಶದ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ, 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ ಮಿಗ್-21ರ ಕೊನೆಯ ವಿಮಾನಗಳು ನಿವೃತ್ತಿಯಾಗಿ ವಾಯುಪಡೆಯ ಯುದ್ಧವಿಮಾನ ತುಕಡಿಗಳ ಬಲ 29 ಸ್ಕ್ವಾಡ್ರನ್‌ಗೆ ಇಳಿಯಿತು. ಮಂಜೂರಾದದ್ದು 42. ಅದರ ಹಿಂದಿನ ದಿನವಷ್ಟೇ ಇನ್ನೂ 97 ತೇಜಸ್‌ಗೆ 62,370 ಕೋಟಿಯ ಸಹಿ ಬಿದ್ದಿತ್ತು. ಪುಟದ ಐದನೇ ಖಾನೆಯಲ್ಲಿ ಒಟ್ಟು 180 ವಿಮಾನ. ಎಚ್‌ಎಎಲ್‌ನದೇ ತಪ್ಪು ಎಂದು ಟಿವಿಯಲ್ಲಿ ಕೂಗುವವರು ಈ ಎಂಜಿನ್ ಕಥೆ ಹೇಳುವುದಿಲ್ಲ, ಜಿಇಯದೇ ತಪ್ಪು ಎನ್ನುವವರು ಕಾವೇರಿಯ ಕಥೆ ಹೇಳುವುದಿಲ್ಲ.

ಹಡಗಾದರೆ ಗ್ಯಾಸ್ ಟರ್ಬೈನ್ ಯಾರದು, ಕ್ಷಿಪಣಿಯಾದರೆ ಗುರಿ ಹುಡುಕುವ ಸೀಕರ್ ಯಾರದು ಎಂದು ಕೇಳಿ. ಆ ಉತ್ತರವೇ ನಮ್ಮ ವಿದೇಶಾಂಗ ನೀತಿಯ ಅರ್ಧ ಭಾಗ. ಬಿಡಿಭಾಗ ಕೊಡುವವರ ಜೊತೆ ಜಗಳವಾಡಲು ಬರುವುದಿಲ್ಲ. ಉಕ್ರೇನ್ ಯುದ್ಧದ ಬಗ್ಗೆ ವಿಶ್ವಸಂಸ್ಥೆಯಲ್ಲಿ ಭಾರತ ಮತದಾನದಿಂದ ಮತ್ತೆ ಮತ್ತೆ ದೂರ ಉಳಿದದ್ದಕ್ಕೆ ಹಳೆಯ ಸ್ನೇಹದ ಜೊತೆಗೆ ಇದೂ ಒಂದು ಕಾರಣ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ ನಮ್ಮ ಆಯುಧ ಆಮದಿನಲ್ಲಿ ರಷ್ಯಾದ ಪಾಲು 2010-14ರಲ್ಲಿ ನೂರಕ್ಕೆ 72 ಇದ್ದದ್ದು 2020-24ರಲ್ಲಿ 36ಕ್ಕೆ ಇಳಿದಿದೆ. ಆದರೆ ಹಳೆಯ ಸುಖೋಯ್‌ಗಳೂ ಟ್ಯಾಂಕುಗಳೂ ಇನ್ನೂ ಅವರ ಬಿಡಿಭಾಗ ಕೇಳುತ್ತಲೇ ಇವೆ.

ಜಂಟಿ ಹೇಳಿಕೆ ಓದುವ ಬಗೆ

ಮೊದಲ ನಿಯಮ: ಎರಡೂ ಕಡೆಯವರು ಬೇರೆ ಬೇರೆಯಾಗಿ ಹೇಳಿದ್ದನ್ನು ಪಕ್ಕ ಪಕ್ಕ ಇಟ್ಟು ಓದಿ. 2023ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಯ ನಡುವೆ ಮೋದಿಯವರೂ ಷಿ ಜಿನ್‌ಪಿಂಗ್ ಅವರೂ ಮಾತನಾಡಿದರು. ಚೀನಾದ ಹೇಳಿಕೆ ‘ಭಾರತದ ಪ್ರಧಾನಿಯ ಕೋರಿಕೆಯ ಮೇರೆಗೆ’ ಎಂದಿತು. ಭಾರತದ ಮೂಲಗಳು ‘ಕೋರಿಕೆ ಬಾಕಿ ಇದ್ದದ್ದು ಅವರ ಕಡೆಯಿಂದ’ ಎಂದವು. ಮಾತುಕತೆಯ ತಿರುಳನ್ನು ಹೇಳುವಾಗ ನಮ್ಮವರು ಗಡಿಯಿಂದ ಸೇನೆ ಬೇಗ ಹಿಂದೆ ಸರಿಯಬೇಕೆಂಬುದಕ್ಕೆ ಒತ್ತು ಕೊಟ್ಟರು. ಅವರು ಒಟ್ಟಾರೆ ಸಂಬಂಧ ದೊಡ್ಡದು, ಗಡಿ ವಿಷಯವನ್ನು ಸರಿಯಾಗಿ ನಿಭಾಯಿಸೋಣ ಎಂಬ ಧಾಟಿ ಹಿಡಿದರು. ಯಾರು ಯಾರ ಮನೆ ಬಾಗಿಲು ತಟ್ಟಿದರು ಎಂಬುದಕ್ಕೇ ಇಷ್ಟು ಎಳೆದಾಟ ಇದೆ ಎಂದರೆ ಒಳಗಿನ ಮಾತು ಇನ್ನೂ ಹಣ್ಣಾಗಿಲ್ಲ ಎಂದು ನಾನು ಅಂದು ಬರೆದುಕೊಂಡೆ. ಹಣ್ಣಾದದ್ದು ಮರುವರ್ಷದ ಅಕ್ಟೋಬರ್ 21ರಂದು, ಪೂರ್ವ ಲಡಾಖಿನ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ನಲ್ಲಿ ಗಸ್ತಿನ ಬಗ್ಗೆ ಒಪ್ಪಿಗೆಯಾಗಿದೆ ಎಂದು ವಿದೇಶಾಂಗ ಕಾರ್ಯದರ್ಶಿ ಪ್ರಕಟಿಸಿದಾಗ.

ಆಗ ‘ಗಡಿ ವಿವಾದಕ್ಕೆ ತೆರೆ’ ಎಂಬ ಶೀರ್ಷಿಕೆ ಎಷ್ಟೋ ಕಡೆ ಕಂಡಿತು. ತೆರೆ ಬಿದ್ದದ್ದು ಮೂರು ಅಂಕದ ನಾಟಕದ ಮೊದಲ ಅಂಕಕ್ಕೆ. ಇಂಗ್ಲಿಷಿನಲ್ಲಿ ಮೂರು ಬೇರೆ ಪದ ಬಳಸುತ್ತಾರೆ, ಕನ್ನಡ ಡೆಸ್ಕಿನಲ್ಲಿ ಮೂರೂ ‘ಸೇನೆ ವಾಪಸ್’ ಆಗುತ್ತವೆ. ಜಾತ್ರೆಯಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದು ನಿಂತಿದ್ದಾರೆ ಎಂದುಕೊಳ್ಳಿ. ಪಟ್ಟಿ ಬಿಟ್ಟು ಎರಡು ಹೆಜ್ಜೆ ಹಿಂದೆ ಹೋಗುವುದು ಒಂದು. ಇಬ್ಬರ ಹಿಂದೆ ದೊಣ್ಣೆ ಹಿಡಿದು ಜಮಾಯಿಸಿದ ಊರಿನವರು ಚದುರುವುದು ಎರಡು. ಎಲ್ಲರೂ ತಂತಮ್ಮ ಊರಿನ ಬಸ್ ಹತ್ತುವುದು ಮೂರು. 2020ರ ಜೂನ್ 15ರಂದು ಗಾಲ್ವಾನ್‌ನಲ್ಲಿ ಕರ್ನಲ್ ಸಂತೋಷ್ ಬಾಬು ಸೇರಿ ನಮ್ಮ 20 ಯೋಧರು ಸತ್ತ ಮೇಲೆ ಆ ಎತ್ತರಕ್ಕೆ ಎರಡೂ ಕಡೆ ಸಾವಿರಾರು ಸೈನಿಕರು ಏರಿದ್ದಾರೆ. 2024ರಲ್ಲಿ ಆದದ್ದು ಮೊದಲನೆಯದು. ಮುಂದೆ ಗಡಿಯ ಸುದ್ದಿ ಬಂದಾಗಲೆಲ್ಲ ಪಟ್ಟಿಯೋ ದೊಣ್ಣೆಯೋ ಬಸ್ಸೋ ಎಂದು ಕೇಳಿ.

ಎರಡನೆಯ ನಿಯಮ, ಹೋದ ವರ್ಷದ ಹೇಳಿಕೆಯನ್ನು ವಿದೇಶಾಂಗ ಸಚಿವಾಲಯದ ಜಾಲತಾಣದಿಂದ ತೆಗೆದು ಈ ವರ್ಷದ್ದರ ಪಕ್ಕ ಇಡಿ. ಹೊಸದಾಗಿ ಸೇರಿದ ಸಾಲಿಗಿಂತ ಕಾಣೆಯಾದ ಸಾಲು ಹೆಚ್ಚು ಮಾತಾಡುತ್ತದೆ. ಒಂದು ಗಂಟೆಯ ಕೆಲಸ. ಟಿವಿ ಚರ್ಚೆ ನೋಡುವುದಕ್ಕಿಂತ ಕಡಿಮೆ ಸಮಯ, ಕಿವಿಗೂ ಕ್ಷೇಮ.

‘ಮೂಲಗಳು ತಿಳಿಸಿವೆ’ ಎಂದಿದ್ದರೆ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ‘ಜಗತ್ತಿನ ನಾಲ್ಕನೇ ಬಲಿಷ್ಠ ಸೇನೆ’ ಎಂಬಂಥ ಪಟ್ಟಿಗಳಿಗೆ ಪೆನ್ಸಿಲ್ಲೂ ಬೇಡ.

ನೆರೆಮನೆ

ದೊಡ್ಡ ದೇಶಗಳ ಸುದ್ದಿಗೆ ಮುಖಪುಟ ಸಿಗುತ್ತದೆ. ಶಕ್ತಿ ಎಷ್ಟಿದೆ ಎಂದು ತಿಳಿಯುವುದು ಒಳಪುಟದ ಸಣ್ಣ ದೇಶಗಳ ಸುದ್ದಿಯಲ್ಲಿ. ಮಾಲ್ದೀವ್ಸ್‌ನಲ್ಲಿ ಮುಯಿಝು ಅಧ್ಯಕ್ಷರಾದ ಮೇಲೆ ಭಾರತದ ಸೈನಿಕರು ಹೊರಡಬೇಕು ಎಂದರು. 2024ರ ಮೇ 10ರೊಳಗೆ ಹೊರಟರು. ‘ಭಾರತಕ್ಕೆ ಮುಖಭಂಗ’ ಎಂದು ಓದಿದೆವು. ಇಂಥ ಕಡೆ ಕೇಳಬೇಕಾದದ್ದು: ಹೋದದ್ದು ಯಾವುದು, ಉಳಿದದ್ದು ಯಾವುದು? ಹೋದದ್ದು ಸಮವಸ್ತ್ರ. ರೋಗಿಗಳನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸುವ ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಅಲ್ಲೇ ಉಳಿದವು, ನಡೆಸಲು ಭಾರತದ ನಾಗರಿಕ ತಂತ್ರಜ್ಞರು ಹೋದರು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯೋತ್ಸವಕ್ಕೆ ನಮ್ಮ ಪ್ರಧಾನಿಯೇ ಗೌರವ ಅತಿಥಿ, ಜೊತೆಗೆ 4,850 ಕೋಟಿಯ ಸಾಲದ ನೆರವು. ಗೆದ್ದೆವೋ ಸೋತೆವೋ ಎಂದು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ದುಡ್ಡು ಕೊಟ್ಟವರು ನಾವು ಎಂಬುದು ಗೊತ್ತು.

ನಮ್ಮ ಊರಲ್ಲೇ ಇಂಥದ್ದೊಂದು ಆಯಿತು. 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವರು ಕಾರವಾರಕ್ಕೆ ಬಂದಿದ್ದರು. ಸೀಬರ್ಡ್ ನೌಕಾನೆಲೆಯಲ್ಲಿ 2,000 ಕೋಟಿಗೂ ಮಿಕ್ಕ ಕಾಮಗಾರಿಗಳ ಉದ್ಘಾಟನೆ. ಹುಡುಗರು ಹಿಡಿದು ತಂದ ಕತ್ತರಿಕೆಗಳಲ್ಲಿ ಎರಡು ಸಾವಿರ ಕೋಟಿಯೇ ಶೀರ್ಷಿಕೆ. ನಾನು ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದು ಕೆಳಗಿನ ಪ್ಯಾರಾಕ್ಕೆ: ಐಎನ್‌ಎಸ್ ಸುನಯನಾ ಹಡಗು ಅಂದು ಇಲ್ಲಿಂದ ಹೊರಟಿತು, ಅದರಲ್ಲಿ ಒಂಬತ್ತು ದೇಶಗಳ 44 ನಾವಿಕರಿದ್ದರು. ಕೊಮೊರೋಸ್, ಕೀನ್ಯಾ, ಮಡಗಾಸ್ಕರ್, ಮಾಲ್ದೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಷೆಲ್ಸ್, ಶ್ರೀಲಂಕಾ, ತಾಂಜಾನಿಯಾ. ಆ ಹೆಸರುಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಚುಕ್ಕಿಯಿಟ್ಟು ಸೇರಿಸಿ ಎಂದೆ. ಆಫ್ರಿಕಾದ ಪೂರ್ವ ಕರಾವಳಿಯುದ್ದಕ್ಕೂ ಇಳಿದು, ದ್ವೀಪಗಳನ್ನು ಸುತ್ತಿ, ಶ್ರೀಲಂಕಾಕ್ಕೆ ಬಂದು ಸೇರುವ ಒಂದು ಬಿಲ್ಲಿನಾಕಾರ ಮೂಡಿತು. ಮಾಲ್ದೀವ್ಸ್‌ನ ಸೈನಿಕರ ಜಗಳವಾಗಿ ಒಂದು ವರ್ಷವೂ ಆಗಿರಲಿಲ್ಲ, ಪಟ್ಟಿಯಲ್ಲಿ ಮಾಲ್ದೀವ್ಸ್ ಇತ್ತು. ಒಬ್ಬಳು ಹುಡುಗಿ ಆ ಚುಕ್ಕಿಯ ಮೇಲೆ ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದಳು. ಪಾಠ ಅಲ್ಲಿಗೆ ನಿಲ್ಲಿಸಿ ಚಹಾ ಮಾಡಿದೆ.

ನಕ್ಷೆಯ ಮಾತು ಬಂತು, ಹೇಳಿಬಿಡುತ್ತೇನೆ. ಗೋಡೆಗೆ ಹಿಂದೂ ಮಹಾಸಾಗರದ ನಕ್ಷೆ ಹಾಕಿಕೊಳ್ಳಿ, ಬರೀ ಭಾರತದ್ದಲ್ಲ. ಮಾರಿಷಸ್‌ನ ಅಗಲೇಗಾ ದ್ವೀಪದಲ್ಲಿ 2024ರ ಫೆಬ್ರುವರಿಯಲ್ಲಿ ಭಾರತ ಕಟ್ಟಿಕೊಟ್ಟ ವಿಮಾನಪಟ್ಟಿ ಉದ್ಘಾಟನೆಯಾಯಿತು. ಸೆಷೆಲ್ಸ್‌ನ ಅಸಂಪ್ಷನ್ ದ್ವೀಪದಲ್ಲಿ ಇಂಥದ್ದೇ ಯೋಜನೆ ಅಲ್ಲಿನ ಜನರ ವಿರೋಧಕ್ಕೆ ಸಿಕ್ಕಿ ನಿಂತುಹೋಯಿತು. ಶ್ರೀಲಂಕಾದ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷಕ್ಕೆ ಚೀನಾ ಕಂಪನಿಯ ಕೈಗೆ ಹೋಯಿತು. ಮೂರಕ್ಕೂ ಮೂರು ಬಣ್ಣದ ಗುಂಡುಸೂಜಿ ಚುಚ್ಚಿ.

ಕೊನೆಯದಾಗಿ ಪೆನ್ಸಿಲ್ಲು ಮತ್ತು ಪೆನ್ನು ಯಾಕೆ ಎರಡೂ ಎಂದು ಹೇಳಬೇಕು. ಆರು ಖಾನೆಗಳಲ್ಲಿ ಮೊದಲ ಐದನ್ನು ಪೆನ್ಸಿಲ್ಲಿನಲ್ಲಿ ತುಂಬಿ. ಅವು ಅಳಿಸಬೇಕಾಗಿ ಬರುವ ಖಾನೆಗಳು. ನನ್ನ ರಫೇಲ್ ಪುಟದಲ್ಲಿ 126 ಎಂಬುದನ್ನು ಉಜ್ಜಿ 36 ಮಾಡಿದ ಕಡೆ ಕಾಗದ ತೆಳುವಾಗಿ ತೂತಾಗಿದೆ. ಆರನೆಯ ಖಾನೆ ಮಾತ್ರ ಪೆನ್ನಿನದು. ಅಲ್ಲಿ ಬರೆಯಬೇಕಾದದ್ದು ದಿನಾಂಕ, ಸಂಖ್ಯೆ, ಇಳಿದ ಊರು, ಬೇರೇನೂ ಇಲ್ಲ. ಅದರ ಅಂಚಿನಲ್ಲಿ ಸುಬೇದಾರರ ಆ ಕೊನೆಯ ಕಾರ್ಡನ್ನು ಅಂಟಿಸಿದ್ದೇನೆ. ನೋಡಬೇಕೆಂದವರಿಗೆ ತೋರಿಸುತ್ತೇನೆ, ಆದರೆ ಶೀರ್ಷಿಕೆ ಯಾರು ಬರೆದದ್ದು ಎಂದು ಕೇಳಬಾರದು.